ಒಡೆದ ಮುದ್ರೆ

ಮತಪೆಟ್ಟಿಗೆಯ ಅರಗಿನ ಮುದ್ರೆ ಒಡೆದಿತ್ತು. ವಿದ್ಯಾರ್ಥಿ ಸಂಘದ ಚುನಾವಣಾಧಿಕಾರಿಯಾಗಿದ್ದ ಕೊನೆಯ ವರ್ಷದ ಹುಡುಗಿ ಎಣಿಕೆಗೆಂದು ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡಾಗ ಅದನ್ನು ಕಂಡಳು. ಮುದ್ರೆ ಒಡೆದರೆ ಮರುಮತದಾನ ಎಂಬ ನಿಯಮವನ್ನು ಬೆಳಿಗ್ಗೆ ಎಲ್ಲರಿಗೂ ಓದಿ ಹೇಳಿದ್ದವಳು ಅವಳೇ. ಬಾಗಿಲಾಚೆ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯೊಬ್ಬನ ಕಡೆಯವರು, ಗೆದ್ದೇಬಿಟ್ಟೆವೆಂದು ಜೈಕಾರ ಹಾಕುತ್ತ ಬಾಗಿಲು ಗುದ್ದುತ್ತಿದ್ದರು.

“ಸುಮ್ನೆ ಎಣಿಸಿಬಿಡಮ್ಮ, ಯಾರು ನೋಡಿದಾರೆ?” ಮೇಲ್ವಿಚಾರಣೆಗಿದ್ದ ಮೇಷ್ಟ್ರು ಹಣೆಯ ಬೆವರು ಒರೆಸಿಕೊಂಡರು. “ಹೋದ ವರ್ಷ ಇವರು ಕುರ್ಚಿ ಎಸೆದದ್ದು ಮರೆತ್ಯಾ?”

ಅವಳು ಮರೆತಿರಲಿಲ್ಲ. ಆ ಕುರ್ಚಿ ತಗುಲಿದ್ದು ಅವಳ ಗೆಳತಿಯ ಭುಜಕ್ಕೆ. ಆದರೂ ಪೆಟ್ಟಿಗೆಯನ್ನು ಕೂಸಿನಂತೆ ಎದೆಗವಚಿಕೊಂಡು ಚಿಲಕ ತೆಗೆದಳು. ನುಗ್ಗಿ ಬಂದ ಗುಂಪು ಅವಳ ಮುಖಕ್ಕೆ ಉಸಿರು ತಾಕುವಷ್ಟು ಹತ್ತಿರ ನಿಂತಿತು.

“ಮುದ್ರೆ ಒಡೆದಿದೆ. ಮತ್ತೆ ಮತದಾನ ಆಗ್ಬೇಕು,” ಎಂದಳು. ಗಂಟಲಿನಿಂದ ಗಾಳಿಯಷ್ಟೇ ಹೊರಬಂತು.

“ಏನಂದೆ? ಜೋರಾಗಿ ಹೇಳು!” ಎಂದು ಅಭ್ಯರ್ಥಿ ಗದರಿದ.

ಅವಳು ಮೆಟ್ಟಿಲ ಕೆಳಗಿದ್ದವರಿಗೂ ಕೇಳುವಂತೆ ಜೋರಾಗಿಯೇ ಹೇಳಿದಳು. ಆಮೇಲೆ ಅವನ ಗುಂಪಿನ ಹಿಂದಿನಿಂದಲೇ ಒಂದು ದನಿ ಬಂತು: “ಸರಿ ಬಿಡ್ರೋ, ಮತ್ತೆ ವೋಟು ಹಾಕೋಣ.”