ಇಬ್ಬರ ಭಾರ

ಭಾನುವಾರ ಬೆಳಿಗ್ಗೆ ಚನ್ನಮಲ್ಲಪ್ಪನವರು ರಾಜಾಜಿನಗರದ ಅಳಿಯನ ಮನೆ ಮುಂದೆ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ, ಪೆಡಲು ತಿರುಗಿಸುತ್ತ ಕಿವಿಗೊಟ್ಟು ಕುಳಿತರು. ಬಿನ್ನಿಪೇಟೆಯ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮನುಷ್ಯರ ಮಾತಿಗಿಂತ ಯಂತ್ರದ ನರಳಾಟ ಅವರಿಗೆ ಬೇಗ ಅರ್ಥವಾಗುತ್ತಿತ್ತು. ಸೈಕಲ್ಲು ವಿಲಾಯಿತಿಯದು, ಹೋದ ವರ್ಷ ಮಗಳ ಮದುವೆಯಲ್ಲಿ ಅವರೇ ಕೊಡಿಸಿದ್ದು. ಅದು ತುಳಿದಾಗಲೆಲ್ಲ ಕಟಕ್ ಅನ್ನುತ್ತದೆಂದು ಅಳಿಯ ಮರಿಯಪ್ಪ ಹೇಳಿಕಳಿಸಿದ್ದ. ಹೇಳಿಕಳಿಸಿದ ಧಾಟಿಯಲ್ಲಿ, ಸೈಕಲ್ಲಿನ ಜೊತೆಗೆ ಇನ್ನೇನು ಕಳಪೆ ಮಾಲು ದಾಟಿಸಿದ್ದೀರೋ ಎಂಬ ಅನುಮಾನವೂ ಇದ್ದಂತಿತ್ತು.

ಅಂಗಡಿಯವರು ಆಗಲೇ ಪೆಡಲು ಬದಲಿಸಿದ್ದರು, ಸೀಟಿನ ಸ್ಪ್ರಿಂಗಿಗೆ ಎಣ್ಣೆ ಬಿಟ್ಟಿದ್ದರು, ಪೆಡಲಿನ ತೋಳು ಬಿಗಿಯುವ ಹೊಸ ಕಾಟರ್ ಪಿನ್ನು ಹೊಡೆದಿದ್ದರು. ಶಬ್ದ ಇದ್ದ ಹಾಗೇ ಇತ್ತು. ಈಗ ಕೈಯಲ್ಲಿ ತಿರುಗಿಸಿದರೆ ಸದ್ದಿಲ್ಲ. ಚನ್ನಮಲ್ಲಪ್ಪನವರು ಪಂಚೆ ಎತ್ತಿಕಟ್ಟಿ ಬೀದಿಯ ಕೊನೆಯವರೆಗೆ ತುಳಿದುಕೊಂಡು ಹೋಗಿ ಬಂದರು. ಆಗಲೂ ಇಲ್ಲ. ಅಳಿಯ ಹಾಗಾದರೆ ನಾನು ಸುಳ್ಳುಗಾರನೇ ಎಂಬಂತೆ ನಿಂತಿದ್ದ. ಮಾವ ಒಳಗಿನಿಂದ ಅರ್ಧ ಮೂಟೆ ರಾಗಿ ತರಿಸಿ, ಕ್ಯಾರಿಯರಿಗೆ ಬಿಗಿದು ಮತ್ತೆ ಹತ್ತಿದರು. ಪಕ್ಕದ ಮನೆ ದಾಟುವ ಮೊದಲೇ ಕಟಕ್, ಕಟಕ್ ಶುರುವಾಯಿತು.

ಅವರು ಖುಷಿಯಿಂದ ಇಳಿದು, ಎರಡು ಪೆಡಲುಗಳ ನಡುವಿನ ಗೂಡನ್ನು ಬಿಚ್ಚಿ, ಉಕ್ಕಿನ ಗುಂಡುಗಳು ಉರುಳುವ ಬಟ್ಟಲನ್ನು ಪಂಚೆಯ ಅಂಚಿನಿಂದ ಒರೆಸಿ ಬಿಸಿಲಿಗೆ ಹಿಡಿದರು. ಒಳಮೈ ತುಂಬ ಸಿಡುಬಿನ ಕಲೆಯಂಥ ಗುಳಿಗಳು.

"ಸೈಕಲ್ಲಿಂದೇನೂ ತಪ್ಪಿಲ್ಲ," ಎಂದು ತೀರ್ಪು ಕೊಟ್ಟರು. "ಒಬ್ರೇ ತುಳಿದ್ರೆ ಒಂದು ವರ್ಷಕ್ಕೆ ಹಿಂಗೆ ಸವೆಯಲ್ಲ. ದಿನಾ ಹಿಂದೆ ಆಳು ಕೂರಿಸ್ಕೊಂಡು ತುಳಿದಿರೋ ಸವೆತ ಇದು. ಇರಲಿ ಬಿಡಿ ಅಳಿಯಂದಿರೇ, ಹೊಸ ಗಂಡ ಹೆಂಡ್ತಿ, ಓಡಾಡ್ತೀರಿ."

ಕಾಫಿ ಹಿಡಿದು ಬಂದ ಮಗಳು ಬಸವರಾಜೇಶ್ವರಿ ಹೊಸ್ತಿಲಲ್ಲೇ ನಿಂತಳು.

"ನನ್ನ ಒಂದು ದಿನಾನೂ ಕೂರಿಸ್ಕೊಂಡಿಲ್ಲ, ಅಪ್ಪಾಜಿ. ಡಬಲ್ಸ್ ಹೋದ್ರೆ ಪೊಲೀಸಿನೋರು ಹಿಡೀತಾರಂತೆ. ಸಿನಿಮಾಕ್ಕೆ ಹೋದ್ರೂ ಇವರು ಸೈಕಲ್ ತಳ್ಕೊಂಡು, ನಾನು ಪಕ್ಕದಲ್ಲಿ ನಡ್ಕೊಂಡು."

ಮೂವರೂ ಆ ಬಟ್ಟಲನ್ನೇ ನೋಡಿದರು. ಹೊಸ ಬಡಾವಣೆ, ರಸ್ತೆ ತುಂಬ ಗುಂಡಿ ಎಂದು ಮರಿಯಪ್ಪ ಏನೋ ಶುರುಮಾಡಿದ. ಗುಂಡಿಗೆ ಬಿದ್ದರೆ ಚಕ್ರ ಸೊಟ್ಟಗಾಗುತ್ತದೆಯೇ ಹೊರತು ಈ ಬಟ್ಟಲು ಸವೆಯುವುದಿಲ್ಲ ಎಂಬುದು ಮಾವನಿಗೆ ಗೊತ್ತಿತ್ತು. ಮಾವನಿಗೆ ಗೊತ್ತೆಂಬುದು ಅಳಿಯನಿಗೂ ಗೊತ್ತಾಯಿತು. ಅವನು ತರಕಾರಿ ತರುತ್ತೇನೆಂದು ಚೀಲವಿಲ್ಲದೆ ಹೊರಟುಹೋದ. ಚನ್ನಮಲ್ಲಪ್ಪನವರು ಗ್ರೀಸು ಹಚ್ಚಿ ಹಳೆಯ ಬಟ್ಟಲನ್ನೇ ಕೂರಿಸಿದರು. ತಮ್ಮ ಸೈಕಲ್ಲಿನ ಮಾನ ಉಳಿಸಲು ಹೋಗಿ ಮಗಳ ಸಂಸಾರದ ತಿರುಪು ಸಡಿಲಿಸಿದೆನಲ್ಲ ಎನ್ನಿಸಿತು. ಇದ್ದ ಶಬ್ದ ಇದ್ದ ಹಾಗೇ ಇರಲು ಬಿಟ್ಟಿದ್ದರೆ ಆಗುತ್ತಿತ್ತು.

ಮಧ್ಯಾಹ್ನ ಮಗಳು ಅಳದೆ ಎಲ್ಲವನ್ನೂ ಹೇಳಿದಳು. ಇವರು ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಕಚೇರಿಗೆ ಹೊರಡುತ್ತಾರಂತೆ. ಕೆಲಸ ಖಾಯಂ ಆಗುವುದು ಹೆಡ್ ಗುಮಾಸ್ತರ ಒಂದು ಮಾತಿನ ಮೇಲೆ ನಿಂತಿದೆಯಂತೆ. ಅವರಿಗೆ ಇವರೆಂದರೆ ತುಂಬ ಅಭಿಮಾನವಂತೆ. ಫೈಲುಗಳಿಗೆ ಏಟಾಗಬಾರದೆಂದು ಇವರು ಹತ್ತಿ ತುಂಬಿದ ಪುಟ್ಟ ದಿಂಬೊಂದನ್ನು ಅವಳಿಂದಲೇ ಹೊಲಿಸಿಕೊಂಡು, ದಿನವೂ ಚೀಲದಲ್ಲಿಟ್ಟು ಒಯ್ಯುತ್ತಾರಂತೆ. ದಿಂಬಿಗೆ ಅವಳು ಹೂವಿನ ಕಸೂತಿಯನ್ನೂ ಹಾಕಿಕೊಟ್ಟಿದ್ದಳು. ಯಾವ ಫೈಲಿಗೆ ದಿಂಬು ಬೇಕು ಎಂದು ಆಗ ಹೊಳೆದಿರಲಿಲ್ಲ.

ಸೋಮವಾರ ಮರಿಯಪ್ಪ ಹೊರಟ ಮೇಲೆ ಅಪ್ಪ ಮಗಳು ಚಪ್ಪಲಿ ಮೆಟ್ಟಿ ಹಿಂದೆಯೇ ನಡೆದರು. ದೂರ ಹೋಗಬೇಕಾಗಲಿಲ್ಲ. ಎರಡು ಬೀದಿಯಾಚೆ, ಸುಣ್ಣ ಬಳಿದ ಕಾಂಪೌಂಡಿನ ಮುಂದೆ ಅವನು ಸೈಕಲ್ಲು ನಿಲ್ಲಿಸಿ, ದಿಂಬನ್ನು ಕ್ಯಾರಿಯರಿಗೆ ಕಟ್ಟಿ, ಮೆತ್ತಗಿದೆಯೇ ಎಂದು ಅಂಗೈಯಿಂದ ಒತ್ತಿ ನೋಡುತ್ತಿದ್ದ. ಗೇಟು ತೆರೆಯಿತು. ಬಸವರಾಜೇಶ್ವರಿ ಅಪ್ಪನ ತೋಳು ಹಿಡಿದಳು.

ಹೊರಗೆ ಬಂದದ್ದು ಜರಿಪೇಟ, ಗುಂಡಿ ಹಾಕಿದ ಕೋಟು, ಮದುವೆಯಲ್ಲಿ ಮೊದಲ ಪಂಕ್ತಿಯಲ್ಲೇ ಉಂಡಿದ್ದ ಆ ಹೊಟ್ಟೆ: ಹೆಡ್ ಗುಮಾಸ್ತರು. ತಮ್ಮ ಊಟದ ಡಬ್ಬಿಯನ್ನು ಮರಿಯಪ್ಪನ ಕೈಗೆ ಕೊಟ್ಟರು. ಅವನು ಅದನ್ನು ಹ್ಯಾಂಡಲಿಗೆ ತೂಗುಹಾಕಿದ. ಅವರು ದಿಂಬಿನ ಮೇಲೆ ಒಂದೇ ಕಡೆ ಕಾಲು ಬಿಟ್ಟು ಕುಳಿತು, ಕೊಡೆ ಬಿಚ್ಚಿ, ತಮ್ಮ ಪೇಟಕ್ಕೆ ಮಾತ್ರ ನೆರಳಾಗುವಂತೆ ಹಿಡಿದರು. ಮರಿಯಪ್ಪ ಮುಂದಿನಿಂದ ಕಾಲೆತ್ತಿ ಹಾಕಿ, ಹಲ್ಲು ಕಚ್ಚಿ ತುಳಿದ. ಶಬ್ದ ಶುರುವಾಯಿತು.

"ಇನ್ನೂ ಸರಿ ಮಾಡಿಸಿಲ್ವೇನಯ್ಯ ಇದನ್ನ?" ಹೆಡ್ ಗುಮಾಸ್ತರ ದನಿ ಬೀದಿಗೆಲ್ಲ ಕೇಳುವಂತಿತ್ತು. "ದಿನಾ ಕಿವಿ ಹತ್ರ ಇದೇ ಗೋಳು. ನಿಮ್ಮಾವ ಕೊಟ್ಟ ಮಾಲು ಅಷ್ಟಕ್ಕಷ್ಟೇ."

"ಹೌದು ಸಾರ್. ಹೇಳಿಕಳಿಸಿದೀನಿ ಸಾರ್."

ಕೊಡೆ ತಿರುವಿನಲ್ಲಿ ಮರೆಯಾಗುವವರೆಗೂ ಚನ್ನಮಲ್ಲಪ್ಪನವರು ನೋಡಿದರು. ನಿನ್ನೆಯಿಂದ ಎದೆಯಲ್ಲಿ ಕೂತಿದ್ದ ಕಲ್ಲು ಇಳಿದಂತಾಗಿ ಟವಲಿನಿಂದ ಮುಖ ಒರೆಸಿಕೊಂಡರು.

"ಸದ್ಯ, ಹೆಂಗಸಲ್ವಲ್ಲ, ತಾಯಿ."

ಮಗಳು ಇನ್ನೂ ಆ ತಿರುವನ್ನೇ ನೋಡುತ್ತಿದ್ದಳು.

"ಹೆಂಗಸಾಗಿದ್ದಿದ್ರೆ ಬಿಡಿಸ್ಕೊಂಡು ಬರಬೋದಿತ್ತು, ಅಪ್ಪಾಜಿ."