ಮೆಟ್ಟಿಲಿಲ್ಲದ ಊರು

ಆಟೋ ನಿಂತಿತು. ತಲೆ ಹೊರಗೆ ಹಾಕಿ ನೋಡಿದ ಜ್ಯೋತ್ಸ್ನಾ ಹಾಗೇ ಕೂತುಬಿಟ್ಟಳು. ಎದುರಿಗೆ ಬೋಳು ಬಂಡೆ, ಬಂಡೆಯಲ್ಲೇ ಕೊರೆದ ಕಡಿದಾದ ಮೆಟ್ಟಿಲು, ಅದರ ತುದಿಗೆ ಒಂದು ಹೆಂಚಿನ ಮನೆ. ಆ ಮನೆಯೊಳಗೆ ಅತ್ತೆಯ ಅಕ್ಕ ಅಕ್ಕಯ್ಯಮ್ಮ ಅನ್ನ ಬಿಟ್ಟು ಮಲಗಿದ್ದಳು. ಆಟೋದೊಳಗೆ ಅತ್ತೆ ಮುನಿಯಮ್ಮ ಮಡಿಲಲ್ಲಿ ಎಳನೀರು ಇಟ್ಟುಕೊಂಡು ಕೂತಿದ್ದಳು. ಎರಡೂ ಮಂಡಿ ಸವೆದು, ಮನೆಯ ಹೊಸಿಲು ದಾಟುವುದಕ್ಕೂ ಗೋಡೆ ಹಿಡಿಯುವ ಹೆಂಗಸು.

"ಮನೆ ಇಷ್ಟು ಮೇಲಿದೆ ಅಂತ ಯಾಕೆ ಹೇಳಲಿಲ್ಲ ಅತ್ತೆ?"

"ಏಳಿದ್ರೆ ಕರ್ಕಂಡ್ ಬತ್ತಿದ್ಯಾ ನೀನು?"

ನಾಚಿಕೆಯ ಮಾತೆಂದರೆ, ಇಂಥದ್ದನ್ನು ಮೊದಲೇ ಕೇಳಿ ತಿಳಿಯುವುದೇ ಜ್ಯೋತ್ಸ್ನಾಳ ಕೆಲಸ. ರಾಬರ್ಟ್‌ಸನ್‌ಪೇಟೆಯ ಮನೆಯಲ್ಲಿ ಕೂತು, ಪ್ರವಾಸದ ಕಂಪನಿಯೊಂದರ ಪರವಾಗಿ, ಇಟಲಿಯ ಜೆನೋವಾ ಎಂಬ ಕಡಲ ತಡಿಯ ಊರಿಗೆ ಹೋಗುವವರಿಗೆ ದಾರಿ ಹೇಳುತ್ತಾಳೆ. ಜನಜಂಗುಳಿ ಇಲ್ಲದ ಜಾಗ ಬೇಕು, ಬೆಳಿಗ್ಗೆ ಹೋಗಿ ಸಂಜೆಗೆ ಬರಬೇಕು, ಅಮ್ಮನಿಗೆ ಹತ್ತೋದಕ್ಕಾಗಲ್ಲ ಎನ್ನುವವರೇ ಹೆಚ್ಚು. ಅವರಿಗೆಲ್ಲ ಅವಳು ಅಲ್ಲಿಗೆ ಹತ್ತಿರದ ಕಿಯಾವರಿ ಎಂಬ ಊರನ್ನು ಹೇಳುತ್ತಾಳೆ. ರೈಲಿಳಿದರೆ ಸಮತಟ್ಟಾದ ಬೀದಿ, ಬಿಸಿಲು ಮಳೆ ತಾಗದಂತೆ ಉದ್ದಕ್ಕೂ ಕಮಾನು, ನಾಲ್ಕು ಹೆಜ್ಜೆಗೆ ಸಮುದ್ರ. ಹಗುರವಾದ ಮರದ ಕುರ್ಚಿಗಳಿಗೆ ಹೆಸರಾದ ಊರಂತೆ ಅದು. "ನಿಮ್ಮ ಅಮ್ಮ ಎಷ್ಟು ಮೆಟ್ಟಿಲು ಹತ್ತಬಲ್ಲರು?" ಎಂದು ಗುರುತು ಪರಿಚಯ ಇಲ್ಲದವರನ್ನೆಲ್ಲ ಮೊದಲು ಕೇಳುವವಳು, ಕ್ಯಾಸಂಬಳ್ಳಿಯ ಆಚೆಗಿನ ಈ ಹಳ್ಳಿಗೆ ಹೊರಡುವಾಗ ಮಾತ್ರ ಕೇಳಲಿಲ್ಲ. ಟಾರು ರಸ್ತೆ ಇದೆ, ಆಟೋ ಹೋಗುತ್ತದೆ, ಇನ್ನೇನು ಎಂದುಕೊಂಡಿದ್ದಳು. ಅಕ್ಕಯ್ಯಮ್ಮ ಗಟ್ಟಿಯಾಗಿದ್ದಾಗ ತಾನೇ ಅವರೆಕಾಯಿ ಹೊತ್ತುಕೊಂಡು ಇವರ ಮನೆಗೆ ಬರುತ್ತಿದ್ದಳು. ಸೊಸೆಗೆ ಈ ಊರು ಇದೇ ಮೊದಲು.

"ಬೇಡ ಅತ್ತೆ, ವಾಪಸ್ ಹೋಗೋಣ. ಮನೆಯಿಂದ ವಿಡಿಯೋ ಕಾಲ್ ಮಾಡೋಣ."

"ಆ ಮೊಬೈಲ್ನಾಗೆ ನೋಡಿ ನೋಡಿ ಸಾಕಾಗೈತೆ. ನಮ್ಮಕ್ಕನ ಮಕ ಕೈಯಾಗೆ ಮುಟ್ಬೇಕು ನಾನು," ಎಂದು ಮುನಿಯಮ್ಮ ಕೆಳಗಿಳಿದೇಬಿಟ್ಟಳು. ಮೊದಲ ಮೆಟ್ಟಿಲ ಮೇಲೆ ಬಂಡೆಗೆ ಬೆನ್ನು ಮಾಡಿ ಕೂತು, ಅಂಗೈ ಊರಿ, ಕುಂಡಿಯಲ್ಲೇ ಎರಡನೆಯದಕ್ಕೆ ಜರುಗಿದಳು. ಮೂರನೆಯದಕ್ಕೆ ಜರುಗುವಾಗ ಮಂಡಿ ಲಟಕ್ಕೆಂದಿತು. ಹಲ್ಲು ಕಚ್ಚಿ ಇನ್ನೊಮ್ಮೆ ಜರುಗಲು ನೋಡಿದಳು, ಆಗಲಿಲ್ಲ. ಅಲ್ಲೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಜ್ಯೋತ್ಸ್ನಾಳಿಗೂ ಅಳು ಬಂತು, ಆದರೆ ತಾನು ಅಳುವುದಕ್ಕೂ ಯೋಗ್ಯಳಲ್ಲ ಅನ್ನಿಸಿತು.

ಅಷ್ಟರಲ್ಲಿ ಅಕ್ಕಯ್ಯಮ್ಮನ ಮಗ ಮುನಿರಾಜು ಮೇಲಿನಿಂದ ಓಡಿ ಬಂದ. ಚಿಕ್ಕಮ್ಮನನ್ನು ಕಂಡವನೇ ಪಕ್ಕದ ಹಾಲಿನ ಡೈರಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು, ಅಲ್ಲಿದ್ದ ಇಬ್ಬರನ್ನೂ ಕರೆತಂದ.

"ಕೂತ್ಕೋ ಚಿಕ್ಕಮ್ಮ. ಒಂದೇ ಉಸುರ್ಗೆ ಮೇಲಕ್ಕೆತ್ಕಂಡ್ ಓಗ್ಬಿಡ್ತೀವಿ."

ಮುನಿಯಮ್ಮ ಕುರ್ಚಿಯನ್ನು ನೋಡಿದಳು. ಅವರ ಜನದಲ್ಲಿ ಯಾರಾದರೂ ಸತ್ತರೆ ಮಲಗಿಸುವುದಿಲ್ಲ. ಕುರ್ಚಿಯಲ್ಲಿ ಕೂರಿಸಿ, ಹಣೆಗೆ ಬಟ್ಟೆ ಕಟ್ಟಿ, ಹಾರ ಹಾಕಿ, ಬಾಗಿಲ ಮುಂದೆ ಇಡುತ್ತಾರೆ. ಅವಳ ಗಂಡನನ್ನೂ ಹಾಗೇ ಕೂರಿಸಿದ್ದರು.

"ಕುರ್ಚಿ ಮ್ಯಾಲೆ ಕೂರ್ಸಿ ಎತ್ತೋದು ಯಾರನ್ನ ಅಂತ ಗೊತ್ತಿಲ್ವೇನ್ಲಾ ನಿಂಗೆ? ಕಣ್ಬಿಟ್ಟು ಬಾಗಿಲ್ ಕಡೇನೇ ನೋಡ್ತಾ ಇರೋ ನಮ್ಮಕ್ಕನ ಮುಂದೆ ಅಂಗೆ ಓಗ್ಲಾ ನಾನು?"

"ಅಂಗಾದ್ರೆ ಬೆನ್ ಮ್ಯಾಲೆ ಒರ್ತೀನಿ, ಬಾ," ಎಂದು ಮುನಿರಾಜು ಬಗ್ಗಿದ. ಮಡಚದ ಮಂಡಿಯನ್ನು ಅವನ ಸೊಂಟದ ಸುತ್ತ ಹಾಕಲು ಹೋದಾಗ ಮುನಿಯಮ್ಮ ಚೀರಿದ್ದಕ್ಕೆ ಡೈರಿಯ ನಾಯಿ ಎದ್ದು ದೂರ ಹೋಯಿತು.

ಕೊನೆಗೆ ಮುನಿಯಮ್ಮನೇ ಸೊಸೆಯ ಕಡೆ ತಿರುಗಿ, "ಆ ಮೊಬೈಲ್ ತಗಿಯಮ್ಮ," ಎಂದಳು. ಮುನಿರಾಜು ಎಳನೀರು ತಗೊಂಡು ಮೇಲೆ ಹೋದ. ಜ್ಯೋತ್ಸ್ನಾ ಅತ್ತೆಯನ್ನು ಆಟೋದಲ್ಲಿ ಕೂರಿಸಿ ಅವನ ಮೊಬೈಲಿಗೆ ವಿಡಿಯೋ ಕಾಲ್ ಮಾಡಿದಳು. ಮೇಲಿನ ಮನೆಯ ಮಬ್ಬು ಬೆಳಕಿನಲ್ಲಿ ಅಕ್ಕಯ್ಯಮ್ಮನ ಮುಖ ಕಂಡಿತು. ಮುನಿಯಮ್ಮ ಮೊಬೈಲನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡಳು. ಹಿಂದಿನ ಬಂಡೆ ಕಾಣಬಾರದು. ಕಂಡರೆ ಅಕ್ಕ ಎದ್ದು ಬರುತ್ತೇನೆಂದು ಹಟ ಹಿಡಿಯುತ್ತಾಳೆ.

"ಮುನೀ... ಮನೆಯಾಗೇ ಇದ್ದೀಯೇನೇ?"

"ಊಂ ಕಣಕ್ಕ. ಮನೆಯಾಗೇ ಇದ್ದೀನಿ."

"ಯಾವಾಗ್ ಬತ್ತೀಯೆ?"

ಮುನಿಯಮ್ಮ ಪರದೆಯ ಮೇಲಿನ ಆ ಕೆನ್ನೆಯನ್ನು ಹೆಬ್ಬೆರಳಿನಿಂದ ಸವರಿದಳು. ಸವರಿದ್ದಕ್ಕೆ ಕಾಲ್ ಕಟ್ಟಾಯಿತು. "ನಾಳೆ ಬತ್ತೀನಕ್ಕ," ಎಂದದ್ದು ಮೇಲಕ್ಕೆ ತಲುಪಿತೋ ಇಲ್ಲವೋ ಗೊತ್ತಿಲ್ಲ. ಜ್ಯೋತ್ಸ್ನಾ ಮತ್ತೆ ಕಾಲ್ ಮಾಡಲು ಕೈ ಚಾಚಿದರೆ ಅತ್ತೆ ಮೊಬೈಲು ಕೊಡಲಿಲ್ಲ.

ಆಟೋ ತಿರುಗಿ ನಿಂತಾಗ ಮುನಿರಾಜು ಕಣ್ಣೊರೆಸಿಕೊಳ್ಳುತ್ತ ಇಳಿದು ಬಂದ. ಏನು ಮಾಡುವುದೋ ತೋಚದೆ, ಮೆಟ್ಟಿಲ ಬುಡದಲ್ಲಿದ್ದ ಕುರ್ಚಿಯನ್ನು ಎತ್ತಿಕೊಂಡು ಡೈರಿಯ ಕಡೆ ಹೊರಟ.

"ಅದ್ನ ವಾಪಸ್ ಕೊಡ್ಬ್ಯಾಡ ಕಣ್ಲಾ," ಎಂದಳು ಮುನಿಯಮ್ಮ. "ಮೇಲಕ್ಕೆ ತಕಂಡೋಗು. ಬೇಕಾಗ್ತದೆ."