ಚಾದರಮ್ಮ ಕುರ್ಚಿ ಬಿಡಲಿಲ್ಲ

“ಹಳೇದು ಅಳಿಸಿಯಾಯ್ತು,” ಎಂದು ನಾಲ್ಕನೇ ಕೌಂಟರಿನ ಗುಮಾಸ್ತ ಗೋಡೆ ಗಡಿಯಾರ ನೋಡಿದ; ಮೇಜಿನ ಕೆಳಗಿಂದ ಊಟದ ಡಬ್ಬಿ ತೆಗೆದ. “ಹೊಸದನ್ನ ನಾಳೆ ಸೇರಿಸ್ತೀನಮ್ಮ. ಊಟ ಆದ್ಮೇಲೆ ನನಗೆ ಮೀಟಿಂಗ್ ಇದೆ. ನಾಳೆ ಬನ್ನಿ.”

ಎದುರಿಗೆ ಕೂತಿದ್ದವಳು ದೊಡ್ಡಾಸ್ಪತ್ರೆಯ ಆಯಾ. ಹದಿನೇಳು ವರ್ಷದಿಂದ ವಾರ್ಡಿನ ಹಾಸಿಗೆಗಳಿಗೆ ಚಾದರ ಬದಲಿಸುವುದೇ ಕೆಲಸವಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಚಾದರಮ್ಮ. ಹೊರದೇಶದಿಂದ ಬಂದವಳು ಎಂಬ ಗುರುತಿನ ಚೀಟಿ ಹಿಡಿದೇ ಅಷ್ಟೂ ವರ್ಷ ಕಳೆದವಳಿಗೆ ಹೋದ ವಾರ ಪೌರತ್ವದ ಪತ್ರ ಕೈಗೆ ಬಂದಿತ್ತು. ದೇವರೇನೋ ವರ ಕೊಟ್ಟಿದ್ದ, ಇನ್ನು ಪೂಜಾರಿ ಕೊಡಬೇಕಿತ್ತು. ಈ ಕಚೇರಿಯ ದಾಖಲೆಯಲ್ಲಿ ‘ವಿದೇಶಿ’ ಹೋಗಿ ‘ಪ್ರಜೆ’ ಎಂದಾಗಬೇಕು, ಹೊಸ ನಂಬರಿನ ಚೀಟಿ ಸಿಗಬೇಕು, ಅದನ್ನು ಇವತ್ತು ಸಂಜೆ ಐದರೊಳಗೆ ಆಸ್ಪತ್ರೆಗೆ ಮುಟ್ಟಿಸಬೇಕು. ಮುಟ್ಟಿಸಿದರೆ ಕೆಲಸ ಕಾಯಂ. ತಪ್ಪಿದರೆ ಮತ್ತೆ ಅದೇ ಗುತ್ತಿಗೆ. ಕಾಯಂ ಮಾಡುವ ಮುಂದಿನ ಪಟ್ಟಿ ಯಾವ ಕಾಲಕ್ಕೋ ಯಾರು ಬಲ್ಲರು.

ನಾಳೆ ಬಾ ಎಂದರೆ ದೆವ್ವ ಕೂಡ ತೆಪ್ಪಗೆ ವಾಪಸ್ಸು ಹೋಗುತ್ತದಂತೆ. ಚಾದರಮ್ಮನೂ ಹಾಗೆ ಹೋದವಳೇ. ವರ್ಷ ವರ್ಷವೂ ಪರವಾನಗಿಗೆಂದು ಇಲ್ಲಿಗೆ ಬಂದು, “ನಾಳೆ ಬನ್ನಿ” ಅನ್ನಿಸಿಕೊಂಡು, “ಆಗಲಿ ಸಾರ್” ಎಂದು ಬಸ್ಸು ಹಿಡಿದವಳೇ. ಈಗಲೂ ನಾಲಿಗೆ ತುದಿಗೆ ಅದೇ ಮಾತು ಬಂದಿತ್ತು. ಬೆನ್ನ ಹಿಂದೆ ನಿಂತಿದ್ದ ಗಂಡ ಆಗಲೇ ಚೀಲ ಹೆಗಲಿಗೇರಿಸಿದ್ದ. ಗಾರೆ ಕೆಲಸದವನು, ಎಂಥ ಎತ್ತರದ ಗೋಡೆ ಬೇಕಾದರೂ ಹತ್ತುತ್ತಾನೆ, ಕಚೇರಿಯ ನಾಲ್ಕು ಮೆಟ್ಟಿಲು ಹತ್ತಿದರೆ ಮಾತ್ರ ಬಾಯಿಗೆ ಬೀಗ. ಅವನಿಗೂ ಮೊನ್ನೆ ಮೊನ್ನೆ ಪತ್ರ ಬಂದಿತ್ತು, ಹೆಂಡತಿಯ ನಂತರ ಅವನದೇ ಸರದಿ.

“ಸಾರ್, ಈಗ ನನ್ನ ಹೆಸರು ಎಲ್ಲಿದೆ?” ಎಂದು ಚಾದರಮ್ಮ ಕೇಳಿದಳು.

“ಎಲ್ಲಿ ಅಂದ್ರೆ? ಹಳೇದು ಹೋಯ್ತು, ಹೊಸದು ಬಂದಿಲ್ಲ.”

“ಅಂದ್ರೆ ಎಲ್ಲೂ ಇಲ್ಲ.”

“ಕಂಪ್ಯೂಟರಲ್ಲಿ ಇಲ್ಲ, ಅಷ್ಟೇ. ನೀವು ಇಲ್ಲೇ ಇದೀರಲ್ಲಮ್ಮ.” ಗುಮಾಸ್ತ ತನ್ನ ಮಾತಿಗೆ ತಾನೇ ನಕ್ಕ.

“ಇದೀನಿ ಅಂತ ನೀವೇ ಒಪ್ಪಿಕೊಂಡ್ರಲ್ಲ. ಹಾಗಾದ್ರೆ ಬರೆದುಬಿಡಿ.”

ನಗು ಅರ್ಧಕ್ಕೇ ನಿಂತಿತು. ಗಂಡ ಅವಳ ಮೊಣಕೈ ಹಿಡಿದು ಮೆಲ್ಲಗೆ ಎಳೆದ. “ಏಳೇ, ನಾಳೆ ಬರೋಣ. ಪಾಪ, ಸಾಹೇಬ್ರಿಗೆ ಹಸಿವು.”

“ನೀವು ಸ್ವಲ್ಪ ಸುಮ್ನಿರಿ.”

ಹಾಗೆ ಅಂದವಳಿಗೆ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾದೀತು; ಹೆದರಿಕೆಯಿಂದಲೇ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದಿದ್ದಳು. ಕಾನೂನು ಗೀನೂನು ಅವಳಿಗೆ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ ಕಸುಬು, ಅದನ್ನೇ ಹೇಳಿದಳು.

“ಸಾರ್, ಏಳೋಕಾಗದ ರೋಗಿಗಳು ಇರ್ತಾರೆ. ಅವರು ಮಲಗಿರೋ ಹಾಗೇ ನಾವು ಚಾದರ ಬದಲಾಯಿಸ್ತೀವಿ. ಒಂದು ಮಗ್ಗುಲಿಗೆ ಹೊರಳಿಸಿ, ಹಳೇದನ್ನ ಸುತ್ತುತಾ ಹೋದ ಹಾಗೇ ಹೊಸದನ್ನ ಹಾಸ್ತಾ ಹೋಗೋದು. ಹಳೇದನ್ನ ಎಳೆದುಹಾಕಿ, ಅವರನ್ನ ಬರೀ ರೆಕ್ಸಿನ್ ಮೇಲೆ ಬಿಟ್ಟು, ಊಟದ ಹೊತ್ತಾಯ್ತು ಅಂತ ನಾನು ಎದ್ದು ಹೋಗಿಲ್ಲ. ಹದಿನೇಳು ವರ್ಷದಲ್ಲಿ ಒಂದೇ ಒಂದು ದಿನ ಹೋಗಿಲ್ಲ. ನೀವು ಊಟ ಮಾಡಿ, ಬೇಡ ಅನ್ನಲ್ಲ. ನನ್ನ ಹೊಸದನ್ನ ಹಾಸಿ ಹೋಗಿ. ಅಲ್ಲೀವರೆಗೂ ನಾನು ಈ ಕುರ್ಚಿ ಬಿಡಲ್ಲ.”

ಪಕ್ಕದ ಕೌಂಟರಿನವಳು ಕೈಯಲ್ಲಿದ್ದ ತುತ್ತನ್ನು ಬಾಯಿಗಿಡುವುದು ಮರೆತಳು. ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡಿದರು. ಗುಮಾಸ್ತ ಡಬ್ಬಿ ನೋಡಿದ, ಚಾದರಮ್ಮನನ್ನು ನೋಡಿದ. ಕೆಟ್ಟ ಮನುಷ್ಯನೇನಲ್ಲ, ನಾಳೆ ನಾಳೆ ಅನ್ನುವುದು ಅವನಿಗೆ ಅಭ್ಯಾಸವಾಗಿತ್ತು, ಕೇಳಿಸಿಕೊಂಡವರು ಎದ್ದು ಹೋಗುವುದೂ ಅಭ್ಯಾಸವಾಗಿತ್ತು. ಡಬ್ಬಿಯನ್ನು ಕೆಳಗಿಟ್ಟು ಕೂತ.

ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಒಂದೊಂದನ್ನೂ ಎರಡೇ ಬೆರಳಲ್ಲಿ ಕುಟ್ಟಿದ. ಪೌರತ್ವ ಎನ್ನುವಲ್ಲಿ ಒಂದು ಗಳಿಗೆ ತಡೆದು, ಅವಳ ಪತ್ರವನ್ನು ಇನ್ನೊಮ್ಮೆ ಓದಿ, ಅದನ್ನೂ ಕುಟ್ಟಿದ. ಎಲ್ಲ ಸೇರಿ ಏಳು ನಿಮಿಷವೂ ಹಿಡಿಯಲಿಲ್ಲ. ಯಂತ್ರ ಕಿರ್ರೆಂದು ಚೀಟಿಯನ್ನು ಹೊರಕ್ಕೆ ತಳ್ಳಿತು. ಚಾದರಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡಳು, ಅದಿನ್ನೂ ಬೆಚ್ಚಗಿತ್ತು. ತನ್ನ ಹೆಸರನ್ನು ಒಮ್ಮೆ ಓದಿಕೊಂಡು ಎದ್ದು ನಿಂತಳು.

“ಅಲ್ಲಮ್ಮಾ,” ಗುಮಾಸ್ತ ತಲೆ ಕೆರೆದುಕೊಂಡ. “ಹೋದ ವರ್ಷ ಪರವಾನಗಿಗೆ ಬಂದಾಗ ಇದೇ ಕುರ್ಚಿಯಲ್ಲಿ ಕೂತ್ಕೊಳ್ಳಿ ಅಂದ್ರೂ ಕೂರಲಿಲ್ಲ ನೀವು. ನಾನು ಏನಂದ್ರೂ ಆಗಲಿ ಸಾರ್, ಆಗಲಿ ಸಾರ್ ಅಂತಿದ್ರಿ. ಎಲ್ಲಿ ಹೋದ್ಲು ಆ ಹೆಂಗಸು?”

“ಅವಳನ್ನ ಈಗ ತಾನೇ ನೀವೇ ಅಳಿಸಿದ್ರಲ್ಲ, ಸಾರ್.”

ಸಾಲಿನವರೆಲ್ಲ ಘೊಳ್ಳೆಂದು ನಕ್ಕರು. ಗುಮಾಸ್ತನಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಡಬ್ಬಿಗೆ ಕೈ ಹಾಕಿದ. ಅಷ್ಟರಲ್ಲಿ ಖಾಲಿಯಾದ ಕುರ್ಚಿ ಕಿರುಗುಟ್ಟಿತು. ಚಾದರಮ್ಮನ ಗಂಡ ಅದರ ತುಂಬ ಕೂತು, ತನ್ನ ಪತ್ರವನ್ನು ಮೇಜಿನ ಮೇಲೆ ಹರವಿ, ಗಾರೆ ಮೆತ್ತಿದ ಅಂಗೈಯನ್ನು ಅದರ ಪಕ್ಕದಲ್ಲಿಟ್ಟಿದ್ದ.

“ನಂದೂ ಅಳಿಸಿಬಿಡಿ, ಸಾರ್.”